ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಣ್ಣಿನ ದುಡಿಮೆ, ಹೆಣ್ಣಿನ ಸಂಬಳ

ಮಹಿಳೆಯರ ಆರ್ಥಿಕ ಮುನ್ನಡೆಯ ಬಗ್ಗೆ, ಅದರಲ್ಲೂ ಗಂಡು ಹೆಣ್ಣಿನ ಸಂಬಳದ ನಡುವಿನ ಅಂತರದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಕೋಪವೂ ಇತ್ತು, ಅನುಮಾನವೂ ಇತ್ತು. ಕೆಲವದರಲ್ಲಿ ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡ ನೋವೂ ಇತ್ತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಒಟ್ಟು ಆರಕ್ಕೆ ಇಳಿಸಿ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಗಂಡಸರು ನೂರು ಗಳಿಸಿದರೆ ಹೆಂಗಸರು ಎಂಬತ್ತಮೂರು ಮಾತ್ರ ಗಳಿಸುತ್ತಾರೆ ಎಂಬ ಮಾತನ್ನು ಪದೇ ಪದೇ ಓದುತ್ತೇನೆ. ನಾನು ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು. ಒಂದೇ ಹುದ್ದೆಗೆ ಗಂಡಸಿಗೊಂದು, ಹೆಂಗಸಿಗೊಂದು ಸಂಬಳ ಬರೆದ ಪಟ್ಟಿಯನ್ನು ಎಂದೂ ನೋಡಿಲ್ಲ. ವೈದ್ಯರ ಸಂಬಳವನ್ನು ದಾದಿಯರ ಸಂಬಳದ ಪಕ್ಕದಲ್ಲಿಟ್ಟು ಅನ್ಯಾಯವೆಂದು ಕೂಗುವುದು ಸರಿಯೇ? (ನಿವೃತ್ತ ಲೆಕ್ಕಿಗರೊಬ್ಬರು)

ಉತ್ತರ: ನಿಮ್ಮ ಆಕ್ಷೇಪಣೆಯಲ್ಲಿ ತಿರುಳಿದೆ, ಅದನ್ನು ತಳ್ಳಿಹಾಕುವುದಿಲ್ಲ. ಎಂಬತ್ತಮೂರು ಎಂಬ ಸಂಖ್ಯೆ ಅಮೆರಿಕದ್ದು; ವರ್ಷವಿಡೀ ಪೂರ್ಣಾವಧಿ ದುಡಿಯುವ ಎಲ್ಲ ಹೆಂಗಸರನ್ನು ಒಂದು ಸಾಲಿನಲ್ಲಿ, ಎಲ್ಲ ಗಂಡಸರನ್ನು ಇನ್ನೊಂದು ಸಾಲಿನಲ್ಲಿ ಗಳಿಕೆಯ ಕ್ರಮದಂತೆ ನಿಲ್ಲಿಸಿ, ಎರಡೂ ಸಾಲುಗಳ ನಟ್ಟನಡುವೆ ನಿಂತವರ ವಾರ್ಷಿಕ ಗಳಿಕೆಯನ್ನು ಹೋಲಿಸಿದಾಗ 2023ರಲ್ಲಿ ಬಂದ ಉತ್ತರ ಅದು. ಅವರಿಬ್ಬರೂ ಒಂದೇ ಕೆಲಸ ಮಾಡುವವರೆಂದು ಆ ಲೆಕ್ಕ ಎಲ್ಲಿಯೂ ಹೇಳುವುದಿಲ್ಲ. ಯುರೋಪಿನ ಒಕ್ಕೂಟ ಗಂಟೆಯ ಸಂಬಳದ ಸರಾಸರಿಯನ್ನು ಹೋಲಿಸುತ್ತದೆ, ಅಲ್ಲಿ ಅಂತರ ಶೇ. 12ರ ಆಸುಪಾಸಿನಲ್ಲಿದೆ. ಅಳತೆಗೋಲು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಯಾವ ಅಳತೆಗೋಲು ಎಂದು ಹೇಳದೆ ಸಂಖ್ಯೆಯನ್ನಷ್ಟೇ ಎತ್ತಿ ಆಡುವವರು ಎರಡೂ ಪಕ್ಷಗಳಲ್ಲಿದ್ದಾರೆ.

ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಹತ್ತು ಜನ ವ್ಯವಸ್ಥಾಪಕರು, ಪ್ರತಿಯೊಬ್ಬರಿಗೂ ಸಂಬಳ 100. ನಲವತ್ತು ಜನ ಗುಮಾಸ್ತರು, ಪ್ರತಿಯೊಬ್ಬರಿಗೂ 50. ವ್ಯವಸ್ಥಾಪಕರಲ್ಲಿ ಎಂಟು ಗಂಡಸರು, ಇಬ್ಬರು ಹೆಂಗಸರು. ಗುಮಾಸ್ತರಲ್ಲಿ ಹನ್ನೆರಡು ಗಂಡಸರು, ಇಪ್ಪತ್ತೆಂಟು ಹೆಂಗಸರು. ಯಾವ ಹುದ್ದೆಯಲ್ಲಿಯೂ ಬಿಡಿಕಾಸಿನ ಭೇದವಿಲ್ಲ. ಆದರೂ ಗಂಡಸರ ಸರಾಸರಿ 70, ಹೆಂಗಸರದು 53 ಚಿಲ್ಲರೆ. ನೀವು ಮೂವತ್ತು ವರ್ಷ ನೋಡಿದ ಪಟ್ಟಿಯೂ ಸತ್ಯ, ನಾಲ್ಕನೆಯ ಒಂದರಷ್ಟು ಅಂತರವೂ ಸತ್ಯ. ಎರಡನ್ನೂ ಒಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆ: ಹತ್ತು ಕುರ್ಚಿಗಳಲ್ಲಿ ಎಂಟು ಗಂಡಸರಿಗೆ ಹೋದದ್ದು ಹೇಗೆ?

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಫ್ರಾನ್ಸೀನ್ ಬ್ಲೌ ಮತ್ತು ಲಾರೆನ್ಸ್ ಕಾನ್ ತಮ್ಮ ದೇಶದ ಅಂಕಿಅಂಶಗಳನ್ನು ಬಿಡಿಸಿ ನೋಡಿದ್ದಾರೆ. 1980ರಲ್ಲಿ ಅಲ್ಲಿ ಗಂಡಸಿನ ಗಂಟೆಯ ಸಂಬಳ 100 ಎಂದರೆ ಹೆಂಗಸಿನದು ಸುಮಾರು 62. 2010ರ ವೇಳೆಗೆ ಅದು 79ಕ್ಕೆ ಏರಿತ್ತು. ಓದು, ಅನುಭವ, ಉದ್ಯಮ, ಹುದ್ದೆ, ಕಾರ್ಮಿಕ ಸಂಘದ ಸದಸ್ಯತ್ವ ಇವೆಲ್ಲವೂ ಸಮವಾಗಿರುವವರನ್ನಷ್ಟೇ ಹೋಲಿಸಿದಾಗ ಆ 79, 92ರ ಹತ್ತಿರಕ್ಕೆ ಬರುತ್ತದೆ. ಅಂದರೆ ಅಂತರದ ಬಹುಭಾಗಕ್ಕೆ ಕಾರಣ ಸಿಗುತ್ತದೆ, ಎಂಟರಷ್ಟು ಪಾಲಿಗೆ ಸಿಗುವುದಿಲ್ಲ. ಈ ಎಂಟನ್ನು ಪೂರ್ತಿಯಾಗಿ ತಾರತಮ್ಯವೆಂದು ಬರೆಯುವುದು ಅವಸರವಾಗುತ್ತದೆ, ಏಕೆಂದರೆ ಅಳತೆಗೆ ಸಿಗದ ಸಂಗತಿಗಳೂ ಅದರಲ್ಲಿ ಸೇರಿರಬಹುದು. ಆದರೆ ಉಳಿದದ್ದಕ್ಕೆ ಕಾರಣ ಸಿಕ್ಕಿತೆಂದು ಅದನ್ನು ನ್ಯಾಯವೆಂದುಕೊಳ್ಳುವುದು ಇನ್ನೂ ದೊಡ್ಡ ಅವಸರ. ಬಡ್ತಿಯ ಬಾಗಿಲಲ್ಲಿಯೇ ಹೆಂಗಸನ್ನು ತಡೆದಿದ್ದರೆ, ‘ಹುದ್ದೆಯ ವ್ಯತ್ಯಾಸ’ ಎಂಬ ಕಾರಣದೊಳಗೆ ಆ ತಡೆಯೂ ಅಡಗಿ ಕುಳಿತಿರುತ್ತದೆ. ಲೆಕ್ಕಪತ್ರ ಬರೆದ ನಿಮಗೆ ಇದು ಹೊಸದಾಗಿರಲಾರದು: ವೋಚರ್ ಇದೆ ಎಂದರೆ ಹಣ ಯಾವುದಕ್ಕೆ ಹೋಯಿತೆಂದು ಗೊತ್ತಾಗುತ್ತದೆ, ಆ ಖರ್ಚು ಸರಿಯಾಗಿತ್ತೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಇನ್ನು, ಅಂಥ ಪಟ್ಟಿಗಳನ್ನು ನೀವು ನೋಡಿಲ್ಲವಾದರೂ ಅವು ಇದ್ದವು. ಬ್ರಿಟನ್ನಿನ ಶಾಲೆಗಳಲ್ಲಿ ಶಿಕ್ಷಕಿಯರಿಗೆ ಶಿಕ್ಷಕರಷ್ಟೇ ವೇತನಶ್ರೇಣಿ ಪೂರ್ಣವಾಗಿ ದೊರೆತದ್ದು 1961ರಲ್ಲಿ. ಅಮೆರಿಕದಲ್ಲಿ ಸಮಾನ ವೇತನದ ಕಾನೂನು ಬಂದದ್ದು 1963ರಲ್ಲಿ, ಭಾರತದಲ್ಲಿ 1976ರಲ್ಲಿ. ಹುದ್ದೆಯ ಹೆಸರಿಗೇ ‘ಲೇಡಿ’ ಎಂದು ಸೇರಿಸಿ, ಪುರುಷ ಸ್ಟೆನೋಗ್ರಾಫರುಗಳಿಗಿಂತ ಕಡಿಮೆ ಸಂಬಳ ಕೊಡುತ್ತಿದ್ದ ಕಂಪನಿಯೊಂದರ ವಾದವನ್ನು ಭಾರತದ ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದು 1987ರಲ್ಲಿ. ಕಾನೂನು ಆ ಪಟ್ಟಿಗಳನ್ನು ಅಳಿಸಿತು; ಅದು ದೊಡ್ಡ ಗೆಲುವೇ. ಉಳಿದದ್ದು ಪಟ್ಟಿಯಲ್ಲಿ ಕಾಣದ ಅಂತರ.

ಪ್ರಶ್ನೆ: ಅದೇ ಕೆಲಸವನ್ನು ಹೆಂಗಸರು ಕಡಿಮೆ ಸಂಬಳಕ್ಕೆ ಮಾಡುತ್ತಾರೆ ಎಂಬುದು ನಿಜವಾದರೆ, ಲಾಭವನ್ನೇ ನೋಡುವ ಮಾಲೀಕ ಗಂಡಸರನ್ನು ಏಕೆ ನೇಮಿಸಿಕೊಳ್ಳುತ್ತಾನೆ? (ವಾಣಿಜ್ಯ ಪದವಿ ವಿದ್ಯಾರ್ಥಿ)

ಉತ್ತರ: ಒಳ್ಳೆಯ ಪ್ರಶ್ನೆ. ಇದನ್ನು ಶಾಸ್ತ್ರೀಯವಾಗಿ ಎತ್ತಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್, 1957ರಲ್ಲಿ. ಪೂರ್ವಗ್ರಹವಿರುವ ಮಾಲೀಕ ತನ್ನ ಪೂರ್ವಗ್ರಹಕ್ಕೆ ತಾನೇ ಬೆಲೆ ತೆರುತ್ತಾನೆ, ಪೈಪೋಟಿ ಹೆಚ್ಚಿದಂತೆ ಅಂಥವನು ಹಿಂದೆ ಬೀಳುತ್ತಾನೆ ಎಂಬುದು ಅವರ ತರ್ಕ. ಇದಕ್ಕೆ ಆಧಾರವೂ ಉಂಟು. ಅಮೆರಿಕದ ಬ್ಯಾಂಕುಗಳ ಮೇಲಿದ್ದ ನಿರ್ಬಂಧಗಳು ಸಡಿಲಗೊಂಡು ಪೈಪೋಟಿ ಹೆಚ್ಚಾದಾಗ, ಆ ಬ್ಯಾಂಕುಗಳಲ್ಲಿ ಗಂಡಸರ ಸಂಬಳ ಹೆಂಗಸರ ಸಂಬಳಕ್ಕಿಂತ ಹೆಚ್ಚು ಇಳಿಯಿತು, ವ್ಯವಸ್ಥಾಪಕ ಹುದ್ದೆಗಳಲ್ಲಿ ಹೆಂಗಸರ ಪಾಲು ಏರಿತು. ಪೈಪೋಟಿಯಿಲ್ಲದೆ ಬಂದ ಲಾಭದ ಒಂದು ಭಾಗ ಅಲ್ಲಿಯವರೆಗೆ ಗಂಡಸರ ಸಂಬಳದೊಳಕ್ಕೆ ಹೋಗುತ್ತಿತ್ತು ಎಂದಾಯಿತು.

ಆದರೆ ಈ ತರ್ಕಕ್ಕೆ ಒಂದು ನಿಬಂಧನೆಯಿದೆ: ಕೆಲಸಗಾರ್ತಿ ಒಂದು ಕಡೆ ಕಡಿಮೆ ಕೊಟ್ಟರೆ ಇನ್ನೊಂದು ಕಡೆಗೆ ಹೋಗಲು ಸಾಧ್ಯವಿರಬೇಕು. ಹೋಗಲಾಗದಿದ್ದರೆ? 1933ರಲ್ಲಿಯೇ ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಈ ಸನ್ನಿವೇಶವನ್ನು ವಿಶ್ಲೇಷಿಸಿದ್ದರು. ಮಾರುವವನು ಒಬ್ಬನೇ ಆದಾಗ ಕೊಳ್ಳುವವನು ಸೋಲುವಂತೆ, ದುಡಿಮೆಯನ್ನು ಕೊಳ್ಳುವವನು ಒಬ್ಬನೇ ಆದಾಗ ದುಡಿಯುವವರು ಸೋಲುತ್ತಾರೆ. ಬೇರೆಡೆಗೆ ಹೋಗುವ ಅವಕಾಶ ಯಾರಿಗೆ ಕಡಿಮೆಯೋ ಅವರಿಗೆ ಕೊಡುವ ಕೂಲಿಯನ್ನು ಮಾಲೀಕ ಹೆಚ್ಚು ಇಳಿಸಬಲ್ಲ. ಮಗುವಿನ ಶಾಲೆ ಬಿಡುವ ಹೊತ್ತಿಗೆ ಮನೆ ಮುಟ್ಟಬೇಕಾದ ತಾಯಿಗೆ ಅರ್ಧ ಗಂಟೆಯ ಹಾದಿಯೊಳಗಿನ ಕಚೇರಿಗಳಷ್ಟೇ ಲೋಕ. ಆಕೆಯ ಪತಿಗೆ ಒಂದೂವರೆ ಗಂಟೆಯ ಹಾದಿಯವೂ ಸೇರುತ್ತವೆ. ಫ್ರಾನ್ಸಿನಲ್ಲಿ ಕೆಲಸ ಹುಡುಕುವವರ ದಾಖಲೆಗಳನ್ನು ಪರಿಶೀಲಿಸಿದಾಗ, ಹತ್ತಿರದ ಕೆಲಸಕ್ಕಾಗಿ ಕಡಿಮೆ ಸಂಬಳಕ್ಕೆ ಒಪ್ಪುವ ಪ್ರವೃತ್ತಿ ಹೆಂಗಸರಲ್ಲಿ ಹೆಚ್ಚೆಂದು ಕಂಡಿತು. ಇಲ್ಲಿ ಮಾಲೀಕನಿಗೆ ಹೆಣ್ಣಿನ ಮೇಲೆ ದ್ವೇಷವಿರಬೇಕೆಂದೇನೂ ಇಲ್ಲ. ಆಕೆ ಬಿಟ್ಟುಹೋಗಲಾರಳೆಂದು ಅವನಿಗೆ ಗೊತ್ತಿದ್ದರೆ ಸಾಕು. ಹಾಗೆಂದು ಗಂಡಸರನ್ನೆಲ್ಲ ತೆಗೆದುಹಾಕುವಷ್ಟು ಹೆಂಗಸರೂ ಅದೇ ಕಡಿಮೆ ಸಂಬಳಕ್ಕೆ ಅವನಿಗೆ ಸಿಗುವುದಿಲ್ಲ. ಹೆಚ್ಚು ಜನರನ್ನು ಸೆಳೆಯಬೇಕಾದರೆ ಸಂಬಳವನ್ನೂ ಏರಿಸಬೇಕಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಈ ಎಡೆಯಲ್ಲಿದೆ.

ಪ್ರಶ್ನೆ: ನಾನೂ ನನ್ನ ಪತಿಯೂ ಒಂದೇ ಪದವಿ ಪಡೆದು, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮೊದಲ ನಾಲ್ಕು ವರ್ಷ ಸಂಬಳವೂ ಹೆಚ್ಚುಕಡಿಮೆ ಒಂದೇ ಇತ್ತು. ಮಗು ಹುಟ್ಟಿದ ಮೇಲೆ, ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬರಬಹುದಾದ ಹುದ್ದೆಯನ್ನು ನಾನೇ ಕೇಳಿ ಪಡೆದೆ. ಈಗ ಮಗುವಿಗೆ ಒಂಬತ್ತು ವರ್ಷ, ಅವರ ಸಂಬಳ ನನ್ನದರ ಎರಡರಷ್ಟು. ಈ ಮಾತೆತ್ತಿದರೆ ಎಲ್ಲರೂ ‘ನೀನೇ ಆರಿಸಿಕೊಂಡದ್ದಲ್ಲವೇ’ ಎನ್ನುತ್ತಾರೆ. ನಾನೇ ಆರಿಸಿಕೊಂಡೆನೇ? (ಉದ್ಯೋಗಸ್ಥ ತಾಯಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆವು. ಈ ಇಡೀ ಚರ್ಚೆಯ ಕೇಂದ್ರ ನಿಮ್ಮ ಕೊನೆಯ ವಾಕ್ಯದಲ್ಲಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇವೆ.

ಮೊದಲಿಗೆ, ನಿಮಗಾದದ್ದು ನಿಮ್ಮೊಬ್ಬರ ಕಥೆಯಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಒಬ್ಬರೇ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳಿಂದ ಹೆಣ್ಣಿನ ದುಡಿಮೆಯ ಚರಿತ್ರೆಯನ್ನು ಬಿಡಿಸಿದವರು. ಅವರೂ ಅವರ ಸಹೋದ್ಯೋಗಿಗಳೂ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಮುಗಿಸಿದ ಗಂಡಸರನ್ನೂ ಹೆಂಗಸರನ್ನೂ ವರ್ಷ ವರ್ಷದ ಲೆಕ್ಕದಲ್ಲಿ ಹಿಂಬಾಲಿಸಿದರು. ಕೆಲಸಕ್ಕೆ ಸೇರಿದಾಗ ಇಬ್ಬರ ಗಳಿಕೆಯೂ ಬಹುಮಟ್ಟಿಗೆ ಸಮ. ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಕಂದಕ. ಕಂದಕದ ಬಹುಪಾಲು ತೆರೆದದ್ದು ಮಗು ಹುಟ್ಟಿದ ನಂತರ ತೆಗೆದುಕೊಂಡ ಚಿಕ್ಕ ಚಿಕ್ಕ ವಿರಾಮಗಳಿಂದ ಮತ್ತು ಇಳಿಸಿಕೊಂಡ ಗಂಟೆಗಳಿಂದ. ಡೆನ್ಮಾರ್ಕಿನಲ್ಲಿ ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಸಂಗಡಿಗರು ಇಡೀ ದೇಶದ ದಾಖಲೆಗಳನ್ನು ನೋಡಿದಾಗಲೂ ಚಿತ್ರ ಇದೇ: ಮೊದಲ ಮಗು ಹುಟ್ಟುವವರೆಗೆ ಗಂಡಿನ, ಹೆಣ್ಣಿನ ಗಳಿಕೆಯ ಎರಡು ಗೆರೆಗಳೂ ಜೊತೆಯಲ್ಲೇ ಸಾಗುತ್ತವೆ, ಹುಟ್ಟಿದ ವರ್ಷ ತಾಯಿಯ ಗಳಿಕೆ ಕುಸಿಯುತ್ತದೆ, ತಂದೆಯದು ಅಲುಗುವುದಿಲ್ಲ, ಮತ್ತು ದೀರ್ಘಕಾಲದಲ್ಲಿಯೂ ತಾಯಿ ಸುಮಾರು ಶೇ. 20ರಷ್ಟು ಹಿಂದೆಯೇ ಉಳಿಯುತ್ತಾಳೆ. ಶಿಶುಪಾಲನೆಗೆ ಸರ್ಕಾರ ಅಷ್ಟೊಂದು ನೆರವು ಕೊಡುವ ದೇಶದಲ್ಲಿಯೂ ಹೀಗೆ.

ಇದು ಪ್ರಕೃತಿಯ ನಿಯಮ, ಹೆತ್ತವಳೇ ಹೊರಬೇಕಾದದ್ದು ಎನ್ನುವವರಿಗೆ ಅದೇ ದೇಶದ ಇನ್ನೊಂದು ಅಧ್ಯಯನ ಉತ್ತರ ಕೊಡುತ್ತದೆ. ಮಗುವನ್ನು ದತ್ತು ಪಡೆದ ಕುಟುಂಬಗಳಲ್ಲಿ ಹೆರಿಗೆಯಿಲ್ಲ, ಬಾಣಂತನವಿಲ್ಲ, ಮೊಲೆಹಾಲಿನ ಮಾತಿಲ್ಲ. ಮೊದಲ ಒಂದೆರಡು ವರ್ಷಗಳ ವ್ಯತ್ಯಾಸವನ್ನು ಬಿಟ್ಟರೆ, ಕಾಲ ಕಳೆದಂತೆ ಆ ತಾಯಂದಿರ ನಷ್ಟವೂ ಹೆತ್ತ ತಾಯಂದಿರ ನಷ್ಟದಷ್ಟೇ ಆಗಿತ್ತು. ದೇಹ ಕೇಳುವುದು ಕೆಲವು ತಿಂಗಳುಗಳನ್ನು. ಉಳಿದ ವರ್ಷಗಳನ್ನು ಹೆಂಗಸಿನ ಹೆಸರಿಗೆ ಬರೆದದ್ದು ಸಮಾಜ.

ಈಗ ನಿಮ್ಮ ಆಯ್ಕೆಯ ವಿಷಯ. ಸಂಜೆಗೆ ಸರಿಯಾಗಿ ಮುಗಿಯುವ ಹುದ್ದೆಗೂ, ಯಾವ ಹೊತ್ತಿಗೆ ಕರೆದರೂ ಓಗೊಡಬೇಕಾದ ಹುದ್ದೆಗೂ ಗಂಟೆಗಳ ವ್ಯತ್ಯಾಸ ಒಂದೂವರೆ ಪಟ್ಟು ಇರಬಹುದು. ಸಂಬಳದ ವ್ಯತ್ಯಾಸ ಮಾತ್ರ ಎರಡು, ಮೂರು ಪಟ್ಟು. ಗೋಲ್ಡಿನ್ ಇಂಥ ಹುದ್ದೆಗಳನ್ನು ದುರಾಸೆಯ ಹುದ್ದೆಗಳು ಎನ್ನುತ್ತಾರೆ. ಮನೆಯಲ್ಲಿ ಮಗುವಿದ್ದಾಗ ಗಂಡ ಹೆಂಡತಿ ಇಬ್ಬರೂ ಅಂಥ ಹುದ್ದೆಯಲ್ಲಿರಲು ಸಾಧ್ಯವಿಲ್ಲ. ಇಬ್ಬರೂ ಬಿಟ್ಟರೆ ಕುಟುಂಬಕ್ಕೆ ಭಾರಿ ನಷ್ಟ. ಹಾಗಾಗಿ ಒಬ್ಬರು ಮುಂದುವರಿಯುತ್ತಾರೆ, ಒಬ್ಬರು ಇಳಿದು ಬರುತ್ತಾರೆ. ಯಾರು ಇಳಿಯಬೇಕೆಂಬುದನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳುವುದೂ ಇಲ್ಲ. ನಿಮ್ಮ ಮನೆಯಲ್ಲಿ ಆ ಮಾತುಕತೆ ನಡೆದಿತ್ತೇ ಎಂಬುದನ್ನು ನಿಮ್ಮ ಪತ್ರ ಹೇಳುವುದಿಲ್ಲ. ‘ನಾನೇ ಕೇಳಿ ಪಡೆದೆ’ ಎಂದು ಮಾತ್ರ ಬರೆದಿದ್ದೀರಿ. ಹೌದು, ಮುಂದಿಟ್ಟ ಎರಡು ದಾರಿಗಳಲ್ಲಿ ಒಂದನ್ನು ನೀವು ಹಿಡಿದಿರಿ. ಆ ದಾರಿಗಳಿಗೆ ಅಷ್ಟು ಅಂತರದ ಬೆಲೆ ಕಟ್ಟಿದವರು ನೀವಲ್ಲ; ಆ ಎರಡು ದಾರಿಗಳ ಮುಂದೆ ನಿಮ್ಮ ಪತಿಯನ್ನು ಯಾರೂ ನಿಲ್ಲಿಸಲೂ ಇಲ್ಲ.

ಆ ಬೆಲೆ ಬದಲಾಗದ್ದೇನೂ ಅಲ್ಲ. ಔಷಧ ವಿತರಣೆಯ ವೃತ್ತಿಯನ್ನು ನೋಡಿ. ಹಿಂದೆ ಅಮೆರಿಕದ ಫಾರ್ಮಸಿಸ್ಟರು ಬಹುತೇಕ ಸ್ವಂತ ಅಂಗಡಿಯ ಗಂಡಸರಾಗಿದ್ದರು, ದಿನವಿಡೀ ಅಂಗಡಿಯಲ್ಲಿರಬೇಕಾಗಿತ್ತು. ಮುಂದೆ ದೊಡ್ಡ ಸಂಸ್ಥೆಗಳೂ ಆಸ್ಪತ್ರೆಗಳೂ ಅವರನ್ನು ನೌಕರಿಗೆ ತೆಗೆದುಕೊಂಡವು, ಔಷಧಗಳು ಏಕರೂಪವಾದವು, ರೋಗಿಯ ದಾಖಲೆ ಕಂಪ್ಯೂಟರಿಗೆ ಬಂತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತರೆ ರೋಗಿಗೆ ಯಾವ ತೊಂದರೆಯೂ ಆಗದ ಸ್ಥಿತಿ ಬಂದಾಗ, ಅರ್ಧ ಹೊತ್ತು ದುಡಿದವರಿಗೆ ಹೆಚ್ಚುಕಡಿಮೆ ಅರ್ಧ ಸಂಬಳವೇ ಸಿಗತೊಡಗಿತು, ಕಾಲುಭಾಗವಲ್ಲ. ಇಂದು ಅಲ್ಲಿ ಅತಿ ಕಡಿಮೆ ಅಂತರವಿರುವ ಉತ್ತಮ ಸಂಬಳದ ವೃತ್ತಿಗಳಲ್ಲಿ ಇದೂ ಒಂದು. ಇದನ್ನು ಯಾವ ಕಾನೂನೂ ಬಲವಂತವಾಗಿ ತಂದದ್ದಲ್ಲ, ಕೆಲಸವನ್ನು ಜೋಡಿಸಿದ ರೀತಿ ಬದಲಾಯಿತು.

ಆದರೂ ಕೆಲಸದ ರೀತಿಯೊಂದೇ ಸಾಲದು. ಬಾಸ್ಟನ್ ನಗರದ ಬಸ್ಸು, ರೈಲು ಚಾಲಕರಿಗೆ ಕಾರ್ಮಿಕ ಸಂಘದ ಒಪ್ಪಂದದಂತೆ ಗಂಟೆಯ ದರ ಗಂಡಿಗೂ ಹೆಣ್ಣಿಗೂ ಒಂದೇ, ಬಡ್ತಿಗೂ ಪಾಳಿಗೂ ಸೇವಾ ಹಿರಿತನವೇ ಆಧಾರ. ಅಲ್ಲಿಯೂ ಹೆಂಗಸರ ಗಳಿಕೆ ಗಂಡಸರದಕ್ಕಿಂತ ಶೇ. 11ರಷ್ಟು ಕಡಿಮೆಯಿತ್ತು, ದಿಢೀರನೆ ಬಂದ ಓವರ್‌ಟೈಮನ್ನು ಗಂಡಸರು ಹಿಡಿದುಕೊಂಡರು, ಸಂಬಳವಿಲ್ಲದ ರಜೆಯನ್ನು ಹೆಂಗಸರು ಹೆಚ್ಚು ಹಾಕಿದರು. ಮನೆಯಲ್ಲಿ ಯಾರು ಯಾವುದಕ್ಕೆ ಎದ್ದು ನಿಲ್ಲುತ್ತಾರೆಂಬುದು ಕಚೇರಿಯ ಸಂಬಳಪಟ್ಟಿಯಲ್ಲಿ ಹೀಗೆ ಮೂಡುತ್ತದೆ. ಇದನ್ನು ಬದಲಿಸಲು ನಾರ್ವೆ 1993ರಲ್ಲಿಯೂ ಸ್ವೀಡನ್ 1995ರಲ್ಲಿಯೂ ಮಗುವಿನ ಪಾಲನೆಯ ರಜೆಯಲ್ಲಿ ಸುಮಾರು ಒಂದು ತಿಂಗಳನ್ನು ತಂದೆಗೆಂದೇ ಮೀಸಲಿಟ್ಟವು. ತಂದೆ ತೆಗೆದುಕೊಳ್ಳದಿದ್ದರೆ ಅದು ತಾಯಿಗೆ ಹೋಗುವುದಿಲ್ಲ, ರದ್ದಾಗುತ್ತದೆ. ಅಲ್ಲಿಯವರೆಗೆ ‘ಇಬ್ಬರಲ್ಲಿ ಯಾರಾದರೂ’ ಎಂದಿದ್ದ ರಜೆಯನ್ನು ತಾಯಂದಿರೇ ಹಾಕುತ್ತಿದ್ದರು. ಮೀಸಲಾದ ಮೇಲೆ ರಜೆ ಹಾಕುವ ತಂದೆಯರ ಸಂಖ್ಯೆ ಒಮ್ಮೆಲೇ ಏರಿತು. ಅಷ್ಟರಿಂದಲೇ ಸಂಬಳದ ಅಂತರ ಅಳಿಯಿತೆಂದು ಹೇಳಲಾಗದು. ಮಗುವಿಗಾಗಿ ತಂದೆಯೂ ಕೆಲಸ ಬಿಟ್ಟು ಬರಬಹುದು ಎಂಬುದು ಮೇಲಧಿಕಾರಿಗಳಿಗೆ ಅಭ್ಯಾಸವಾಯಿತು, ನಮಗೆ ಅದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಏಕೆಂದರೆ ಮೇಲಧಿಕಾರಿಯ ಊಹೆಯೂ ಸಂಬಳವನ್ನು ಕತ್ತರಿಸುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಅರ್ಹತೆ ಸರಿಸಮವಿರುವ ಅರ್ಜಿಗಳನ್ನು ಸಿದ್ಧಪಡಿಸಿ, ಕೆಲವದರಲ್ಲಿ ಮಾತ್ರ ಅರ್ಜಿದಾರರಿಗೆ ಮಕ್ಕಳಿದ್ದಾರೆಂಬ ಸುಳಿವು ಕೊಡಲಾಗಿತ್ತು. ಓದಿದವರು ತಾಯಂದಿರನ್ನು ಕಡಿಮೆ ಸಮರ್ಥರೆಂದು ಎಣಿಸಿ ಕಡಿಮೆ ಸಂಬಳ ಸೂಚಿಸಿದರು, ತಂದೆಯರಿಗೆ ಅಂಥ ಕಡಿತವಿರಲಿಲ್ಲ. ಈ ತಾಯಂದಿರು ಯಾವುದನ್ನೂ ಆರಿಸಿಕೊಂಡಿರಲಿಲ್ಲ, ಕೆಲಸಕ್ಕೆ ಸೇರಿಯೂ ಇರಲಿಲ್ಲ.

ನಿಮ್ಮ ಮಗುವಿಗೆ ಈಗ ಒಂಬತ್ತು. ಮುಂದಿನ ವರ್ಷಗಳಲ್ಲಿ ಯಾರು ಸಂಜೆಗೆ ಮನೆಯಲ್ಲಿರಬೇಕೆಂಬ ಮಾತನ್ನು ಈಗ, ಬಾಯಿಬಿಟ್ಟು, ಲೆಕ್ಕ ಹಾಕಿ ಆಡಬಹುದು. ನಿಮ್ಮ ಹಳೆಯ ದಾರಿಗೆ ಮರಳಲು ಏನು ಬೇಕೆಂದು ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಪಿಂಚಣಿ, ಉಳಿತಾಯ, ಆಸ್ತಿ ಇವುಗಳಲ್ಲಿ ನಿಮ್ಮ ಹೆಸರು ಎಷ್ಟರಮಟ್ಟಿಗೆ ಇದೆಯೆಂದು ಇದೇ ತಿಂಗಳು ನೋಡಿಕೊಳ್ಳಿ. ಕುಟುಂಬಕ್ಕಾಗಿ ನೀವು ಬಿಟ್ಟುಕೊಟ್ಟದ್ದು ಕುಟುಂಬದ ಲೆಕ್ಕದಲ್ಲಿ ನಿಮ್ಮ ಹೆಸರಿನಲ್ಲಿ ಕಾಣಬೇಕು.

ಪ್ರಶ್ನೆ: ಐವತ್ತು ವರ್ಷ ಮನೆಗೆಲಸ ಮಾಡಿದೆ, ಅತ್ತೆ ಮಾವನವರ ಆರೈಕೆ ಮಾಡಿದೆ, ನಾಲ್ವರು ಮಕ್ಕಳನ್ನು ಬೆಳೆಸಿದೆ. ಜನಗಣತಿಯವರು ಬಂದಾಗ ‘ಕೆಲಸವಿಲ್ಲ’ ಎಂದು ಬರೆದುಕೊಂಡರು. ಇದು ದುಡಿಮೆಯಲ್ಲವೇ? (ಹಿರಿಯ ಗೃಹಿಣಿ)

ಉತ್ತರ: ದುಡಿಮೆಯೇ ಅಮ್ಮ, ಸಂಶಯವೇ ಬೇಡ. ಇದಕ್ಕೆ ಒಂದು ಸರಳ ಪರೀಕ್ಷೆಯನ್ನು 1934ರಲ್ಲಿಯೇ ಮಾರ್ಗರೆಟ್ ರೀಡ್ ಎಂಬ ಅರ್ಥಶಾಸ್ತ್ರಜ್ಞೆ ಕೊಟ್ಟಿದ್ದರು: ಹಣ ಕೊಟ್ಟು ಬೇರೊಬ್ಬರಿಂದ ಮಾಡಿಸಬಹುದಾದದ್ದೆಲ್ಲ ದುಡಿಮೆ. ನಿಮ್ಮ ಬದಲು ಬೇರೆಯವರು ಊಟ ಮಾಡಲಾರರು, ನಿದ್ದೆ ಮಾಡಲಾರರು; ಅಡುಗೆಯನ್ನೂ ರೋಗಿಯ ಆರೈಕೆಯನ್ನೂ ಮಾಡಬಲ್ಲರು. ಆದರೂ ದೇಶಗಳು ತಮ್ಮ ಒಟ್ಟು ಉತ್ಪನ್ನವನ್ನು ಎಣಿಸುವಾಗ ಮನೆಯವರಿಗಾಗಿ ಮಾಡಿದ ಸಂಬಳವಿಲ್ಲದ ಸೇವೆಯನ್ನು ಲೆಕ್ಕದಿಂದ ಹೊರಗಿಡುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ, ಸಮೀಕ್ಷೆ ನಡೆದ 64 ದೇಶಗಳಲ್ಲಿಯೇ ಇಂಥ ದುಡಿಮೆ ದಿನಕ್ಕೆ 1,640 ಕೋಟಿ ಗಂಟೆಗಳಷ್ಟು, ಅದರಲ್ಲಿ ಮುಕ್ಕಾಲು ಪಾಲು ಹೆಂಗಸರದು.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಹೆಂಗಸರಲ್ಲಿ ಶೇ. 90ರಷ್ಟು ಜನ ಒಂದು ದಿನ ಕಚೇರಿ, ಕಾರ್ಖಾನೆಗಳ ಜೊತೆಗೆ ಮನೆಗೆಲಸವನ್ನೂ ನಿಲ್ಲಿಸಿ ಬೀದಿಗೆ ಬಂದರು. ತಂದೆಯರು ಮಕ್ಕಳನ್ನು ಎತ್ತಿಕೊಂಡು ಕೆಲಸಕ್ಕೆ ಹೋಗಬೇಕಾಯಿತು. ಮರುವರ್ಷ ಅಲ್ಲಿ ಲಿಂಗ ಸಮಾನತೆಯ ಕಾನೂನು ಬಂತು. 1980ರಲ್ಲಿ ವಿಗ್ಡಿಸ್ ಫಿನ್‌ಬೊಗಡೊಟ್ಟಿರ್ ಆ ದೇಶದ ರಾಷ್ಟ್ರಾಧ್ಯಕ್ಷೆಯಾಗಿ ಚುನಾಯಿತರಾದರು. ಗಣತಿಯವರು ಬರೆಯದ ಕೆಲಸ ನಿಂತಾಗ ಏನಾಗುತ್ತದೆಂದು ಒಂದು ದೇಶ ಒಂದೇ ದಿನದಲ್ಲಿ ಕಂಡಿತು.

ಪ್ರಶ್ನೆ: ನನಗಿಂತ ಎರಡು ವರ್ಷ ತಡವಾಗಿ ಸೇರಿದ ಸಹೋದ್ಯೋಗಿಗೆ ನನಗಿಂತ ಹೆಚ್ಚು ಸಂಬಳವಿದೆಯೆಂದು ಆಕಸ್ಮಿಕವಾಗಿ ಗೊತ್ತಾಯಿತು. ಸಂಬಳದ ವಿಷಯವನ್ನು ಯಾರೊಂದಿಗೂ ಹೇಳಬಾರದೆಂದು ನಮ್ಮ ಸಂಸ್ಥೆಯ ನಿಯಮವಿದೆ. ‘ಹೆಂಗಸರು ಕೇಳುವುದಿಲ್ಲ, ಅದಕ್ಕೇ ಸಿಗುವುದಿಲ್ಲ’ ಎನ್ನುತ್ತಾರೆ. ಏನು ಮಾಡಲಿ? (ಖಾಸಗಿ ಸಂಸ್ಥೆಯ ಉದ್ಯೋಗಿ)

ಉತ್ತರ: ಕೇಳುವುದಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಆಸ್ಟ್ರೇಲಿಯಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಸಂಬಳ ಏರಿಸಿ ಎಂದು ಹೆಂಗಸರೂ ಗಂಡಸರಷ್ಟೇ ಸಲ ಕೇಳಿದ್ದರು. ಕೇಳಿದ ಗಂಡಸರಲ್ಲಿ ಶೇ. 20ರಷ್ಟು ಜನರಿಗೆ ಸಿಕ್ಕಿತ್ತು, ಹೆಂಗಸರಲ್ಲಿ ಶೇ. 15ರಷ್ಟು ಜನರಿಗೆ. ಇನ್ನೊಂದು ಪ್ರಯೋಗದಲ್ಲಿ, ಸಂಬಳದ ಬಗ್ಗೆ ಮಾತುಕತೆ ಸಾಧ್ಯವೆಂದು ಉದ್ಯೋಗದ ಜಾಹೀರಾತಿನಲ್ಲಿಯೇ ತಿಳಿಸಿದಾಗ ಹೆಂಗಸರೂ ಗಂಡಸರಷ್ಟೇ ಧೈರ್ಯವಾಗಿ ಚೌಕಾಸಿ ಮಾಡಿದರು. ನಿಯಮ ಅಸ್ಪಷ್ಟವಾಗಿದ್ದಲ್ಲಿ ಮಾತ್ರ ಹಿಂಜರಿಕೆ ಕಂಡಿತು. ಹಾಗಾಗಿ ತಪ್ಪನ್ನು ನಿಮ್ಮ ಸ್ವಭಾವದಲ್ಲಿ ಹುಡುಕುತ್ತ ಕೂರಬೇಡಿ.

ಗುಟ್ಟಿನ ನಿಯಮ ಯಾರಿಗೆ ಅನುಕೂಲ ಎಂಬುದಕ್ಕೆ ಲಿಲ್ಲಿ ಲೆಡ್‌ಬೆಟರ್ ಅವರ ಮೊಕದ್ದಮೆ ಸಾಕು. ಅಮೆರಿಕದ ಟೈರ್ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳ ಹತ್ತಿರ ದುಡಿದು ಮೇಲ್ವಿಚಾರಕಿಯಾಗಿದ್ದ ಅವರಿಗೆ, ಅದೇ ಹುದ್ದೆಯ ಗಂಡಸರಿಗಿಂತ ತಮ್ಮ ಸಂಬಳ ಕಡಿಮೆಯೆಂದು ತಿಳಿದದ್ದು ಯಾರೋ ಹೆಸರಿಲ್ಲದೆ ಬರೆದಿಟ್ಟ ಚೀಟಿಯಿಂದ. ಅವರು ಮೊಕದ್ದಮೆ ಹೂಡಿದರು. 2007ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಸಂಬಳ ನಿಗದಿಯಾದ 180 ದಿನಗಳೊಳಗೆ ದೂರು ಕೊಡಬೇಕಾಗಿತ್ತೆಂದು ಐದಕ್ಕೆ ನಾಲ್ಕು ಮತಗಳಿಂದ ಅವರ ವಿರುದ್ಧ ತೀರ್ಪಿತ್ತಿತು. ಗೊತ್ತೇ ಇಲ್ಲದ ಅನ್ಯಾಯಕ್ಕೆ 180 ದಿನಗಳಲ್ಲಿ ದೂರು ಕೊಡುವುದು ಹೇಗೆ? 2009ರಲ್ಲಿ ಅವರ ಹೆಸರಿನಲ್ಲಿಯೇ ಬಂದ ಕಾನೂನು, ಕಡಿಮೆ ಸಂಬಳದ ಪ್ರತಿಯೊಂದು ಪಾವತಿಯಿಂದಲೂ ಗಡುವು ಹೊಸದಾಗಿ ಶುರುವಾಗುವಂತೆ ಮಾಡಿತು. ಲೆಡ್‌ಬೆಟರ್ ಅವರಿಗೆ ಮಾತ್ರ ಆ ಹಣ ಸಿಗಲಿಲ್ಲ.

ಈಚೆಗೆ ಲೋಕ ಪಾರದರ್ಶಕತೆಯ ಕಡೆಗೆ ಹೊರಳುತ್ತಿದೆ. ಬ್ರಿಟನ್ನಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ತಮ್ಮ ಸಂಬಳದ ಅಂತರವನ್ನು ಪ್ರಕಟಿಸಬೇಕೆಂಬ ನಿಯಮ 2017ರಲ್ಲಿ ಬಂತು. ಯುರೋಪಿನ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದಂತೆ, ಉದ್ಯೋಗಾಕಾಂಕ್ಷಿಯ ಹಿಂದಿನ ಸಂಬಳವನ್ನು ಕೇಳುವಂತಿಲ್ಲ, ಸಂಬಳವನ್ನು ಬಹಿರಂಗಪಡಿಸದಂತೆ ನೌಕರರನ್ನು ತಡೆಯುವಂತಿಲ್ಲ. ಡೆನ್ಮಾರ್ಕಿನಲ್ಲಿ ಇಂಥ ಕಾನೂನಿನ ನಂತರ ಅಂತರ ತಗ್ಗಿತು. ತಗ್ಗಿದ್ದು ಮುಖ್ಯವಾಗಿ ಗಂಡಸರ ಸಂಬಳದ ಏರಿಕೆ ನಿಧಾನವಾದದ್ದರಿಂದ ಎಂಬುದನ್ನೂ ಹೇಳಬೇಕು. ಪಾರದರ್ಶಕತೆಯಿಂದ ಎಲ್ಲರಿಗೂ ಲಾಭವೆಂದು ನಾವು ಭರವಸೆ ಕೊಡಲಾರೆವು.

ನೀವು ಮಾಡಬೇಕಾದದ್ದು: ಸಹೋದ್ಯೋಗಿಯ ಹೆಸರೆತ್ತದೆ, ನಿಮ್ಮ ಹುದ್ದೆಯ ವೇತನಶ್ರೇಣಿ ಯಾವುದು, ಅದರಲ್ಲಿ ನೀವು ಎಲ್ಲಿದ್ದೀರಿ, ಯಾವ ಮಾನದಂಡದಿಂದ ಅಲ್ಲಿದ್ದೀರಿ ಎಂದು ಲಿಖಿತವಾಗಿ ಕೇಳಿ. ನೀವು ಮಾಡಿದ ಕೆಲಸಗಳ, ಹೊತ್ತ ಹೊಣೆಗಳ ದಿನಾಂಕ ಸಹಿತ ಪಟ್ಟಿ ನಿಮ್ಮ ಬಳಿ ಇರಲಿ. ನಿಮಗಿಂತ ಅವರಿಗೆ ಹಿಂದಿನ ಅನುಭವವೋ ವಿಶೇಷ ಕೌಶಲವೋ ಇರುವ ಸಾಧ್ಯತೆಯನ್ನು ಮೊದಲೇ ಎಣಿಸಿಕೊಂಡು ಹೋಗಿ, ಅಂಥ ಕಾರಣ ಕೊಟ್ಟರೆ ತಬ್ಬಿಬ್ಬಾಗುವುದಿಲ್ಲ. ಉತ್ತರ ಬಾರದಿದ್ದರೆ ಕಾರ್ಮಿಕ ಸಂಘವಿದ್ದರೆ ಅವರನ್ನು, ಇಲ್ಲದಿದ್ದರೆ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಿ. ದೂರಿಗೆ ಗಡುವಿದೆಯೇ ಎಂಬುದನ್ನು ಮೊದಲ ದಿನವೇ ಕೇಳಿ.

ಪ್ರಶ್ನೆ: ನನಗೆ ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಆಸಕ್ತಿ. ‘ಹೆಂಗಸರು ತುಂಬಿದ ಕೆಲಸಕ್ಕೆ ಸಂಬಳವಿರುವುದಿಲ್ಲ, ಎಂಜಿನಿಯರಿಂಗ್ ಓದು’ ಎನ್ನುತ್ತಾರೆ ಮನೆಯಲ್ಲಿ. ಅವರ ಮಾತು ಸರಿಯೇ? (ಪದವಿಪೂರ್ವ ವಿದ್ಯಾರ್ಥಿನಿ)

ಉತ್ತರ: ಅವರು ಹೇಳುವ ಸಂಗತಿ ಸರಿ, ನಿಮ್ಮನ್ನು ತಡೆಯಲು ಅದು ಸಾಕಾಗುವುದಿಲ್ಲ. ಅಮೆರಿಕದಲ್ಲಿ 1950ರಿಂದ 2000ದವರೆಗಿನ ಜನಗಣತಿಗಳನ್ನು ಪರಿಶೀಲಿಸಿದ ಸಮಾಜಶಾಸ್ತ್ರಜ್ಞರು, ಒಂದು ವೃತ್ತಿಯಲ್ಲಿ ಹೆಂಗಸರ ಪಾಲು ಏರಿದಂತೆ ಆ ವೃತ್ತಿಯ ಸಂಬಳ ಇಳಿಯುವುದನ್ನು, ಬೇಕಾದ ಕೌಶಲ ಬದಲಾಗದಿದ್ದಾಗಲೂ, ಕಂಡರು. ಎದುರು ದಿಕ್ಕಿನ ಉದಾಹರಣೆಯೂ ಇದೆ: ಎನಿಯಾಕ್ ಎಂಬ ಮೊದಮೊದಲ ಕಂಪ್ಯೂಟರಿಗೆ 1940ರ ದಶಕದಲ್ಲಿ ಪ್ರೋಗ್ರಾಂ ಬರೆದವರು ಆರು ಮಂದಿ ಹೆಂಗಸರು, ಆಗ ಅದನ್ನು ಗುಮಾಸ್ತಗಿರಿಗೆ ಹತ್ತಿರದ ಕೆಲಸವೆಂದು ಎಣಿಸಿದ್ದರು, ಗಂಡಸರು ತುಂಬಿಕೊಂಡ ಮೇಲೆ ಅದೇ ಕೆಲಸ ಉನ್ನತ ವೃತ್ತಿಯಾಯಿತು.

ಶಿಶುಶಿಕ್ಷಣದ ಸಂಬಳ ಕಡಿಮೆಯಿರುವುದು ಆ ಕೆಲಸ ಸುಲಭವೆಂಬ ಕಾರಣಕ್ಕಲ್ಲ. ನಿಮಗೆ ನಿಜವಾದ ಒಲವಿದ್ದರೆ ಅದನ್ನೇ ಓದಿ. ಆ ವೃತ್ತಿಯಲ್ಲಿ ಮೇಲಿನ ಮೆಟ್ಟಿಲುಗಳು ಯಾವುವು, ಶಿಕ್ಷಕರ ಸಂಘ ಎಷ್ಟು ಬಲವಾಗಿದೆ, ಕೆಲಸ ಕಾಯಂ ಆಗುವ ದಾರಿ ಯಾವುದು ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಿ. ಎಂಜಿನಿಯರಿಂಗ್ ನಿಮಗೆ ಇಷ್ಟವೇ ಆಗಿದ್ದರೆ ಮಾತು ಬೇರೆ, ಭಯದಿಂದ ಮಾತ್ರ ಅದನ್ನು ಆರಿಸಿಕೊಳ್ಳಬೇಡಿ.

ಕೆಲಸದ ಬೆಲೆಯನ್ನು ಯಾರು, ಹೇಗೆ ಕಟ್ಟುತ್ತಾರೆಂದು ತಿಳಿಯಲು ಇಂಗ್ಲೆಂಡಿನ ಡಾಗೆನ್‌ಹ್ಯಾಮ್ ಎಂಬಲ್ಲಿದ್ದ ಫೋರ್ಡ್ ಕಾರು ಕಾರ್ಖಾನೆಯ ಹೆಂಗಸರ ಕಥೆಯನ್ನು ಓದಿರಿ. ಕಾರಿನ ಆಸನಗಳ ಹೊದಿಕೆ ಹೊಲಿಯುತ್ತಿದ್ದ 187 ಮಂದಿ 1968ರ ಜೂನ್ 7ರಂದು ಕೆಲಸ ನಿಲ್ಲಿಸಿದರು. ಅವರ ಕೆಲಸವನ್ನು ಕಂಪನಿ ಹೆಚ್ಚಿನ ಕೌಶಲ ಬೇಡದ ದರ್ಜೆಗೆ ಸೇರಿಸಿತ್ತು, ಆ ದರ್ಜೆಯಲ್ಲಿಯೂ ಗಂಡಸರಿಗೆ ಕೊಡುವುದರ ಶೇ. 85ರಷ್ಟನ್ನೇ ಕೊಡುತ್ತಿತ್ತು. ಆಸನವಿಲ್ಲದೆ ಕಾರು ಹೊರಬೀಳಲಿಲ್ಲ, ಮೂರು ವಾರಗಳಲ್ಲಿ ಕಾರ್ಖಾನೆಯೇ ನಿಂತಂತಾಯಿತು. ಸಚಿವೆ ಬಾರ್ಬರಾ ಕಾಸಲ್ ಮಧ್ಯೆ ಪ್ರವೇಶಿಸಿದ ಮೇಲೆ ಕೂಲಿ ಶೇ. 92ಕ್ಕೆ ಏರಿತು, ಬ್ರಿಟನ್ನಿನ 1970ರ ಸಮಾನ ವೇತನ ಕಾನೂನಿಗೆ ಆ ಮುಷ್ಕರವೂ ಒಂದು ಕಾರಣವಾಯಿತು. ಆದರೆ ಅವರ ಮೂಲ ದೂರು ತಮ್ಮ ಹೊಲಿಗೆಯನ್ನು ಕೌಶಲದ ಕೆಲಸವೆಂದು ಒಪ್ಪಿಕೊಳ್ಳಿ ಎಂಬುದಾಗಿತ್ತು. ಆ ದರ್ಜೆ ಅವರಿಗೆ ಸಿಕ್ಕಿದ್ದು ಹದಿನಾರು ವರ್ಷಗಳ ನಂತರ, 1984ರಲ್ಲಿ, ಇನ್ನೊಂದು ಮುಷ್ಕರ ಮಾಡಿದ ಮೇಲೆ.